ಕಟ್ಟಿಗೆ ಕೋಣೆಯ ಮಿನಿ ಲೇತ್

ನನ್ನ ಮಿನಿ ಲೇತ್ ಈಗ ಮುಳ್ಳೇರಿಯದಲ್ಲಿದೆ. ಡಿಪ್ಲೊಮಾ ಮುಗಿಸಿದ ಇಬ್ಬರು ಹುಡುಗಿಯರು ಜೀಪಿನಲ್ಲಿ ಬಂದು ಕೊಂಡುಹೋದರು. ಕಣ್ಣಿಗೆ ಪೊರೆ ಬಂದ ಮೇಲೆ ನಾನು ಅದನ್ನು ಬಟ್ಟೆ ಮುಚ್ಚಿ ಇಟ್ಟಿದ್ದೆ. ಮೆಷಿನಿನ ಜೊತೆ ಮ್ಯಾನ್ಯುಯಲ್ ಕೂಡ ಕೊಟ್ಟೆ. ಮ್ಯಾನ್ಯುಯಲಿನಲ್ಲಿ ಇಲ್ಲದ್ದು ಏನಾದರೂ ಉಂಟಾ ಟೀಚರ್ ಎಂದು ಅವರಲ್ಲಿ ಒಬ್ಬಳು ಕೇಳಿದಳು. ಉಂಟು ಎಂದೆ. ಹಾಗಾದರೆ ಬರೆದು ಕೊಡಿ ಎಂದಳು. ಸರ್ವಿಸ್ ಪೂರ್ತಿ ಮಕ್ಕಳಿಗೆ ಬರೆಯಿರಿ ಬರೆಯಿರಿ ಎಂದು ಉಪದ್ರ ಕೊಟ್ಟವಳು ನಾನು. ಇಲ್ಲ ಎನ್ನಲು ಬಾಯಿ ಬರಲಿಲ್ಲ.

ನಾನು ಸಿಸ್ಟರುಗಳ ಶಾಲೆಯಲ್ಲಿ ಕಲಿತು ಅದೇ ಶಾಲೆಯಲ್ಲಿ ಸೈನ್ಸ್ ಟೀಚರ್ ಆಗಿ ರಿಟೈರ್ ಆದವಳು. ಆ ಕೆಲಸದ ಬಗ್ಗೆ ಬರೆಯುವಂಥದ್ದು ವಿಶೇಷ ಏನಿಲ್ಲ. ಪ್ರತಿ ವರ್ಷ ಆಕ್ಸಿಜನ್ ತಯಾರಿಸಿದೆ, ಪ್ರತಿ ವರ್ಷ ಅದು ಹಾರಿಹೋಯಿತು. ರಿಟೈರ್ ಆದ ಮೇಲೆ ಶಿರಿಯದ ನಮ್ಮ ಮನೆಯ ಕಟ್ಟಿಗೆ ಕೋಣೆಯಲ್ಲಿ ನಡೆದದ್ದೇ ನನ್ನ ನಿಜವಾದ ವೃತ್ತಿ ಎಂದು ಈಗ ಅನಿಸುತ್ತದೆ.

ಲೇತ್ ತರಿಸಿದ್ದು ನನ್ನ ಗಂಡ ಬೆನ್. ಅವರು ಗಲ್ಫಿನಲ್ಲಿ ಹಡಗು ರಿಪೇರಿಯ ವರ್ಕ್‌ಶಾಪಿನಲ್ಲಿ ಮೆಷಿನಿಸ್ಟ್ ಆಗಿ ಸೇರಿ ಫೋರ್ಮನ್ ಆಗಿ ಹಿಂದೆ ಬಂದವರು. ಅಲ್ಲಿ ಅವರು ಓಡಿಸುತ್ತಿದ್ದ ಲೇತುಗಳು ನಮ್ಮ ಚಾವಡಿಯಷ್ಟು ಉದ್ದವಂತೆ. ಊರಿಗೆ ಬಂದ ಮೇಲೆ ಮೇಜಿನ ಮೇಲೆ ಕೂರುವ ಒಂದು ಪುಟ್ಟ ಲೇತ್ ಇಟ್ಟುಕೊಂಡು ಯಾರ ಗಡಿಬಿಡಿಯೂ ಇಲ್ಲದೆ ತನಗೆ ಬೇಕಾದ್ದು ಮಾಡುತ್ತ ಕೂರಬೇಕು ಎಂಬುದು ಅವರ ಆಸೆ. ಹಡಗಿನಲ್ಲಿ ಪೆಟ್ಟಿಗೆ ಬಂದು ತಲುಪುವ ಹೊತ್ತಿಗೆ ಅವರ ಬಲಗೈ ನಡುಗಲು ಶುರುವಾಗಿತ್ತು. ಮಂಗಳೂರಿನ ಡಾಕ್ಟರು ಪಾರ್ಕಿನ್ಸನ್ಸ್ ಎಂದರು.

ಬೆನ್ ಅವರ ವರ್ಕ್‌ಶಾಪಿನಲ್ಲಿ ಒಂದು ರೂಲ್ ಇತ್ತು. ಕೈ ನಡುಗುವವ ಮೆಷಿನ್ ಮುಟ್ಟಬಾರದು. ಕುಡಿದು ಬರುವವರಿಗಾಗಿ ಅವರೇ ಮಾಡಿದ ರೂಲ್. ಅದರಲ್ಲಿ ಕೆಲವರನ್ನು ಮನೆಗೂ ಕಳಿಸಿದ್ದರು. ಕುಡಿಯದೆ ನಡುಗುವ ಕೈಗೆ ಒಂದು ಎಕ್ಸೆಂಪ್ಷನ್ ಕೊಟ್ಟುಕೊಳ್ಳಬಹುದಿತ್ತು. ಕೊಟ್ಟುಕೊಳ್ಳಲಿಲ್ಲ. ಪೆಟ್ಟಿಗೆ ಒಡೆದ ದಿನ ಬಾಗಿಲ ಬಳಿ ಕುರ್ಚಿ ಹಾಕಿಸಿ, ಎರಡೂ ಕೈಗಳನ್ನು ತೊಡೆಯ ಅಡಿಯಲ್ಲಿ ಇಟ್ಟು ಅವುಗಳ ಮೇಲೆ ಕೂತರು.

"ಹಿಲ್ಡಾ, ನೀನು ಮಾಡು. ನಾನು ಹೇಳ್ತೇನೆ."

ಹೀಗೆ ನಾನು ಅಪ್ರೆಂಟಿಸ್ ಆದೆ. ಆ ಕುರ್ಚಿಯನ್ನು ಬಿಟ್ಟು ಲೇತಿನ ಬಗ್ಗೆ ಮಾತ್ರ ಹೇಳಲು ನನಗೆ ಬರುವುದಿಲ್ಲ. ಮೆಷಿನ್ ಎದುರಲ್ಲೇ ಇದ್ದೂ ಮುಟ್ಟದೆ ಕೂತ ಮನುಷ್ಯ ಎಷ್ಟು ದಿನ ಹಾಗೆ ಕೂತಾನು ಎಂಬ ಒಂದು ಯೋಚನೆ ನನ್ನ ಎಲ್ಲ ಕೆಲಸದ ಹಿಂದೆಯೂ ಇತ್ತು.

ಲೇತ್ ಎಂದರೆ ಎಂತ ಎಂದು ಪಾಪದವರು ಯಾರಾದರೂ ಕೇಳಿದರೆ ನಾನು ಹೆರೆಮಣೆ ತೋರಿಸುತ್ತಿದ್ದೆ. ತೆಂಗಿನಕಾಯಿ ಹೆರೆಯುವಾಗ ಹಲ್ಲು ನಿಂತಲ್ಲೇ ನಿಲ್ಲುತ್ತದೆ, ಕಾಯಿಯ ಹೋಳನ್ನು ನಾವು ತಿರುಗಿಸುತ್ತೇವೆ. ಲೇತಿನಲ್ಲಿ ಕಾಯಿಯ ಬದಲು ಕಬ್ಬಿಣ ಅಥವಾ ಹಿತ್ತಾಳೆ, ಕೈಯ ಬದಲು ಮೋಟಾರು, ಹಲ್ಲಿನ ಬದಲು ಟೂಲ್. ತುಂಡನ್ನು ಹಿಡಿದು ತಿರುಗಿಸುವ ಮೂರು ದವಡೆಯ ಹಿಡಿತಕ್ಕೆ ಚಕ್ ಎನ್ನುತ್ತಾರೆ. ಉಳಿದದ್ದೆಲ್ಲ ಡೀಟೇಲ್ಸ್. ಆದರೆ ಬೆರಳು ಹೋಗುವುದು ಡೀಟೇಲ್ಸಿನಲ್ಲಿ.

ಹೊಸ ಮೆಷಿನಿಗೆ ಮೈಯೆಲ್ಲ ಕೆಂಪು ಗ್ರೀಸ್ ಮೆತ್ತಿರುತ್ತದೆ. ಅದು ಹಡಗಿನ ಪ್ರಯಾಣಕ್ಕೆ, ಕೆಲಸಕ್ಕಲ್ಲ. ಸೀಮೆಎಣ್ಣೆ ಹಾಕಿ ಒಂದೊಂದೇ ಭಾಗ ಬಿಚ್ಚಿ ತೊಳೆಯಬೇಕು. ತೊಳೆದೆ. ತೊಳೆದ ಮೇಲೆ ನಮ್ಮ ಸಮುದ್ರದ ಗಾಳಿಗೆ ಬೆಳಿಗ್ಗೆ ಉಜ್ಜಿದ ಉಕ್ಕು ಸಂಜೆಗೆ ಕಂದು ಬಣ್ಣಕ್ಕೆ ತಿರುಗಲು ನೋಡುತ್ತದೆ. ಅಷ್ಟರಲ್ಲಿ ನಾವು ಆಸ್ಪತ್ರೆಯ ಕೆಲಸಕ್ಕೆ ಮಂಗಳೂರಿಗೆ ಹೋಗಿ ಕೆಲವು ವಾರ ನನ್ನ ತಂಗಿಯ ಮನೆಯಲ್ಲಿ ಉಳಿಯಬೇಕಾಯಿತು. ಹೊರಡುವ ಮೊದಲು ಮೆಷಿನಿಗೆ ತುಕ್ಕು ಹಿಡಿಯದ ಹಾಗೆ ನಾನು ಧಾರಾಳವಾಗಿ ತೆಂಗಿನೆಣ್ಣೆ ಹಚ್ಚಿದೆ. ನಮ್ಮಲ್ಲಿ ಬಾಗಿಲ ತಿರುಗಣಿ ಕಿರುಗುಟ್ಟಿದರೂ ತೆಂಗಿನೆಣ್ಣೆ, ಮಗುವಿನ ಹೊಟ್ಟೆ ಉಬ್ಬರಿಸಿದರೂ ತೆಂಗಿನೆಣ್ಣೆ. ಲೇತಿಗೆ ಬೇರೆ ಶಾಸ್ತ್ರ ಇರಬಹುದೆಂದು ಸೈನ್ಸ್ ಟೀಚರಿಗೆ ಹೊಳೆಯಲಿಲ್ಲ.

ಹಿಂದೆ ಬರುವಾಗ ಕ್ರಿಸ್ಮಸ್ ಹತ್ತಿರದ ಚಳಿ. ಜಾರಬೇಕಾದ ಭಾಗ ಒಂದೂ ಜಾರಲಿಲ್ಲ. ಎಣ್ಣೆ ಒಂದು ಕಡೆ ಮೇಣದ ಹಾಗೆ ಗಟ್ಟಿ, ಇನ್ನೊಂದು ಕಡೆ ಹಲಸಿನ ಮೇಣದ ಹಾಗೆ ಅಂಟು. ಬೆನ್ ಕುರ್ಚಿಯಿಂದ ಎದ್ದು ಬಂದು ಮೂಸಿ ನೋಡಿದರು.

"ಲೇತಿಗೆ ತಲೆಗೆ ಎಣ್ಣೆ ಹಚ್ಚಿದ್ದಿಯಲ್ಲ ಟೀಚರ್. ಇನ್ನು ಸ್ನಾನ ಮಾಡಿಸು."

ನನ್ನನ್ನು ಅವರು ಟೀಚರ್ ಎಂದು ಕರೆಯುತ್ತಿದ್ದದ್ದು ಕೆಲಸ ಹಾಳಾದಾಗ ಮಾತ್ರ. ಇಡೀ ಮೆಷಿನ್ ಮತ್ತೆ ಬಿಚ್ಚಿ ಸೀಮೆಎಣ್ಣೆಯಲ್ಲಿ ಸ್ನಾನ ಮಾಡಿಸಿದೆ. ಒಂದು ಲಾಭ ಆಯಿತು. ಎರಡು ಸಲ ಬಿಚ್ಚಿ ಜೋಡಿಸಿದವಳಿಗೆ ಯಾವ ಸ್ಕ್ರೂ ಯಾತಕ್ಕೆ ಎಂದು ಜನ್ಮದಲ್ಲಿ ಮರೆಯುವುದಿಲ್ಲ. ಆಮೇಲೆ ಹೊಲಿಗೆ ಮೆಷಿನ್ ಬಿಗಿಯಾಯಿತು ಎಂದು ಯಾರು ಬಂದರೂ ನಾನು ಮೊದಲು ಮೂಸುತ್ತಿದ್ದೆ. ಅರ್ಧಕ್ಕರ್ಧ ಕೇಸಿನಲ್ಲಿ ಕಾಯಿಲೆ ತೆಂಗಿನೆಣ್ಣೆಯೇ.

ಡ್ರೆಸ್ ವಿಷಯ. ಸೀರೆ ಉಟ್ಟು ಲೇತಿನ ಎದುರು ನಿಲ್ಲಬಾರದು. ಸೆರಗು, ಚೂಡಿದಾರಿನ ಶಾಲು, ಬಿಟ್ಟ ಜಡೆ, ಬಳೆ, ಕತ್ತಿನ ಸರ ಎಲ್ಲವನ್ನೂ ಚಕ್ ತನ್ನ ಕಡೆಗೆ ಕರೆದುಕೊಳ್ಳುತ್ತದೆ. ಉಂಗುರವನ್ನೂ ತೆಗೆದಿಡು ಎಂದರು ಬೆನ್. ಮದುವೆಯ ಉಂಗುರ ಎಂದೆ. ಮದುವೆ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನದವರೆಗೆ ರದ್ದು, ಊಟಕ್ಕೆ ಬರುವಾಗ ಪುನಃ ಹಾಕಿಕೊಂಡರೆ ಸಾಕು ಎಂದರು. ಅವರ ಹಳೆಯ ಬಾಯ್ಲರ್ ಸೂಟನ್ನು, ಅಂದರೆ ಅಂಗಿ ಪ್ಯಾಂಟು ಒಂದೇ ಆದ ಕೆಲಸದ ಡ್ರೆಸ್ಸನ್ನು, ನನ್ನ ಅಳತೆಗೆ ಹಿಡಿದು ಹೊಲಿದೆ. ನೀಡಲ್ ವರ್ಕಿನಲ್ಲಿ ನನಗೆ ಫಸ್ಟ್ ಪ್ರೈಜ್ ಬಂದಿತ್ತು. ಅದು ಪ್ರಯೋಜನಕ್ಕೆ ಬಂದದ್ದು ಇದೊಂದೇ ಸಲ. ನನ್ನ ಹಳೆಯ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಒಮ್ಮೆ ಹೇಳದೆ ಮನೆಗೆ ಬಂದವರು ನನ್ನನ್ನು ಆ ವೇಷದಲ್ಲಿ ನೋಡಿದರು. ಬಹಳ ಹೊತ್ತು ನೋಡಿ, "ಹಿಲ್ಡಾ, ಡೆಪೋರ್ಟ್‌ಮೆಂಟ್" ಎಂದು, ಶಾಲೆಯಲ್ಲಿ ನಮ್ಮ ನಡೆ ನಿಲುವು ತಿದ್ದುತ್ತಿದ್ದ ಅದೇ ಮಾತು ಮಾತ್ರ ಹೇಳಿ ಚಾ ಕುಡಿದು ಹೋದರು. ಮುಂದಿನ ವಾರ ಚಾಪೆಲಿನ ಮುರಿದ ಕ್ಯಾಂಡಲ್ ಸ್ಟ್ಯಾಂಡನ್ನು ಪೇಪರಿನಲ್ಲಿ ಸುತ್ತಿ ಕಳಿಸಿಕೊಟ್ಟರು.

ಚಕ್ ಬಿಗಿಯುವ ಕೀಲಿಗೆ ಇರಬೇಕಾದ ಜಾಗ ಎರಡೇ: ನಿಮ್ಮ ಕೈ, ಇಲ್ಲವೇ ಟೂಲ್ ಇಡುವ ಹಲಗೆ. ಅದನ್ನು ಚಕ್ಕಿನಲ್ಲೇ ಮರೆತು ಸ್ವಿಚ್ ಹಾಕಿದರೆ ಅದು ಮೂರನೆಯ ಜಾಗ ಹುಡುಕಿಕೊಳ್ಳುತ್ತದೆ. ನನ್ನದು ಮಾಡಿನ ಹಂಚು ಒಡೆದುಕೊಂಡು ಹೊರಗೆ ಹೋಯಿತು. ತೆಂಗಿನಕಾಯಿ ಕೊಯ್ಯಲು ಬಂದವನು ಮಾಡಿನ ಮೇಲಿಂದ ಅದನ್ನು ಇಳಿಸಿ ತಂದುಕೊಟ್ಟ. ಯಾತರದ್ದು, ಅಲ್ಲಿಗೆ ಹೇಗೆ ಹೋಯಿತು ಎಂದು ಏನೂ ಕೇಳಲಿಲ್ಲ. ಮರದ ಮೇಲಿಂದ ಊರಿನ ಮನೆಗಳನ್ನು ನೋಡುವವರು ಹಾಗೆ ಕೇಳುವುದಿಲ್ಲವೋ ಏನೋ.

ಬೆನ್ ನನಗೆ ಕಲಿಸಿದ್ದು ಕಣ್ಣಿನಿಂದ ಅಲ್ಲ, ಕಿವಿಯಿಂದ. ಅವರು ಹೆಚ್ಚಾಗಿ ಅಂಗಳದ ಕಡೆ ಮುಖ ಮಾಡಿ ಕೂರುತ್ತಿದ್ದರು. ಟೂಲ್ ಕಬ್ಬಿಣಕ್ಕೆ ತಾಗಿದೊಡನೆ, ತಿರುಗಿ ನೋಡದೆ, ಟೂಲ್ ತಗ್ಗಿ ಹೋಗಿದೆ, ಕೂದಲಿನಷ್ಟು ಎತ್ತು ಎನ್ನುತ್ತಿದ್ದರು. ಟೂಲಿನ ತುದಿ ತುಂಡಿನ ನಡುಮಧ್ಯಕ್ಕೆ ಸರಿಯಾಗಿ ಇರಬೇಕು. ಮೇಲಾದರೆ ಉಜ್ಜುತ್ತದೆ, ಕೆಳಗಾದರೆ ಅಗೆಯುತ್ತದೆ. ಸರಿಯಾಗಿದ್ದರೆ ದೋಸೆ ಕಾವಲಿಯ ಮೇಲೆ ಹಿಟ್ಟು ಹೊಯ್ದಂಥ ಸದ್ದು. ಸರಿಯಿಲ್ಲದಿದ್ದರೆ ಹಲ್ಲು ಕಡಿದ ಸದ್ದು. ತುಂಡನ್ನು ಕತ್ತರಿಸಿ ಬೇರೆ ಮಾಡುವುದು ಎಲ್ಲಕ್ಕಿಂತ ಭಯದ ಕೆಲಸ. ಅದಕ್ಕೆ ಮೊದಲು ನಾನು ಶಿಲುಬೆಯ ಗುರುತು ಮಾಡುವುದನ್ನು ನೋಡಿ ಅವರು, ಟೂಲನ್ನು ಆದಷ್ಟು ಒಳಗೆ ಸರಿಸಿ ಕಟ್ಟು, ಆಮೇಲೆ ಪ್ರಾರ್ಥನೆ ಎಂದರು. ಮಿನಿ ಲೇತಿನ ಒಳಗಿನ ಗೇರುಗಳು ಪ್ಲಾಸ್ಟಿಕ್ಕಿನವು. ಒಂದು ಸೆಟ್ ಹೆಚ್ಚಿಗೆ ಇಟ್ಟುಕೊಳ್ಳಿ. ಸಂಜೆ ಎಲ್ಲ ಮನೆಗಳಲ್ಲಿ ಲೈಟ್ ಹತ್ತುವಾಗ ವೋಲ್ಟೇಜ್ ಇಳಿಯುತ್ತದೆ. ಆಗ ಅಂಗಡಿ ಮುಚ್ಚಿ. ಮತ್ತು ಯಾವ ಕೆಲಸಕ್ಕೂ ಎರಡು ತುಂಡು ತಯಾರು ಮಾಡಿ. ಒಂದು ಹಾಳು ಮಾಡಲಿಕ್ಕೆ, ಇನ್ನೊಂದು ಕೊಡಲಿಕ್ಕೆ.

ಕೆಲಸ ತಾನಾಗಿ ಬರತೊಡಗಿತು. ಶಿರಿಯದ ದೋಣಿಯವರು ಎಂಜಿನಿನ ಬುಷ್ ತರುತ್ತಿದ್ದರು, ಹೆಂಗಸರು ಮಿಕ್ಸಿಯ ಕಪ್ಲರ್. ಎಲ್ಲಕ್ಕಿಂತ ಹೆಚ್ಚು ಹೊಲಿಗೆ ಮೆಷಿನಿನ ಸ್ಕ್ರೂಗಳು. ಅವುಗಳ ಪಿರಿ, ಅಂದರೆ ಸ್ಕ್ರೂವಿನ ಸುತ್ತಿನ ಗೀರು, ಬೇರೆಯೇ ಲೆಕ್ಕದ್ದು. ಹಾರ್ಡ್‌ವೇರ್ ಅಂಗಡಿಯ ಸ್ಕ್ರೂ ಅದಕ್ಕೆ ಕೂರುವುದಿಲ್ಲ. ಬಂದವರು ಕುರ್ಚಿಯಲ್ಲಿ ಕೂತವರನ್ನು ದಾಟಿ ನನ್ನ ಹತ್ತಿರ ಬರುತ್ತಿದ್ದರು. ದೋಣಿಯವನೊಬ್ಬ ಬೆನ್ ಅವರ ಎದುರೇ ನಿಂತು, "ಬಾಯಮ್ಮ, ಪೊರ್ಬುಗಳಿಗೆ ಈಗ ಕೆಲಸಕ್ಕೆ ಆಗುವುದಿಲ್ವಾ?" ಎಂದು ನನ್ನನ್ನು ಕೇಳಿದ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸಿಗೆ ಬಾಯಮ್ಮ, ಗಂಡಸಿಗೆ ಪೊರ್ಬುಗಳು ಎನ್ನುತ್ತಾರೆ. ಆಗುತ್ತದೆ, ಅವರು ಸುಪರ್‌ವೈಸರ್ ಎಂದೆ. ಅವ ಕೈ ನೋಡಿದ, ನಂಬಲಿಲ್ಲ.

ಕೆಲವು ವರ್ಷಗಳಲ್ಲಿ ಬೆನ್ ಅವರ ಸ್ವರ ತಗ್ಗಿತು. ಈ ಕಾಯಿಲೆ ಸ್ವರವನ್ನೂ ತಿನ್ನುತ್ತದೆ. ಮೋಟಾರಿನ ಸದ್ದಿನಲ್ಲಿ ಅವರು ಹೇಳುವುದು ನನಗೆ ಕೇಳುತ್ತಿರಲಿಲ್ಲ. ಕುರ್ಚಿಯ ಕೈಗೆ ಚಮಚದಿಂದ ಬಡಿಯಿರಿ, ಒಮ್ಮೆ ಬಡಿದರೆ ನಿಲ್ಲಿಸುತ್ತೇನೆ ಎಂದು ಏರ್ಪಾಡು ಮಾಡಿದೆ. ಚಮಚ ಹಿಡಿದ ಕೈ ಕುರ್ಚಿಯ ಮೇಲೆ ತಾನೇ ತಾನಾಗಿ ಬಡಿಯುತ್ತ ಹೋಯಿತು. ನಾನು ನಿಲ್ಲಿಸಿದೆ, ಹಾಕಿದೆ, ನಿಲ್ಲಿಸಿದೆ. ಆ ಪದ್ಧತಿ ಒಂದು ದಿನವೂ ಪೂರ್ತಿ ನಡೆಯಲಿಲ್ಲ. ಮರುದಿನ ಅವರು ಕಟ್ಟಿಗೆ ಕೋಣೆಗೆ ಬರಲಿಲ್ಲ. ಚಾವಡಿಯಲ್ಲಿ ಟಿವಿಯ ಎದುರು ಕೂತರು. ಅವರಿಗೆ ಟಿವಿಯಲ್ಲಿ ಇಷ್ಟವಾದ ಪ್ರೋಗ್ರಾಂ ಒಂದೂ ಇರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಕುರ್ಚಿ ಬಾಗಿಲಲ್ಲಿ ಖಾಲಿ ಇದ್ದಷ್ಟು ದಿನ ನಾನು ಮಾಡಿದ ಕೆಲಸ ಅಳತೆಗೆ ಸರಿ ಇತ್ತು. ಹಾಗಾದರೆ ನಾನು ಕಲಿತುಬಿಟ್ಟೆ, ಇನ್ನು ಅವರ ಅಗತ್ಯ ಇಲ್ಲ ಎಂದು ಅವರಿಗೆ ಗೊತ್ತಾಗಬಾರದೆಂದು ಸುಮ್ಮನೆ ಹೋಗಿ ಏನಾದರೊಂದು ಕೇಳುತ್ತಿದ್ದೆ. ಅವರಿಗೆ ಅದೂ ಗೊತ್ತಾಯಿತು.

ಹೀಗಿರುವಾಗ ಒಂದು ದಿನ ನಾಯ್ಮಾರ್ಮೂಲೆಯಿಂದ ಸಫಿಯಾ ಬಂದಳು. ಅವಳು ಟೈಲರ್, ಮದುವೆ ಬಟ್ಟೆ ಹೊಲಿಯುವುದರಲ್ಲಿ ಹೆಸರಾದವಳು. ಮೆಷಿನಿನ ಒಂದು ಸ್ಕ್ರೂ ಪಿರಿ ಸವೆದು ಬಿದ್ದುಹೋಗಿತ್ತು, ನಾಳೆ ಮದುಮಗಳ ಮನೆಗೆ ಬಟ್ಟೆ ತಲುಪಬೇಕಿತ್ತು. ಸ್ಕ್ರೂ ಆಗದೆ ಹಿಂದೆ ಹೋಗುವುದಿಲ್ಲ ಎಂದು ಹೇಳಿಯೇ ಕೂತಳು. ನಾನು ಎರಡು ತುಂಡುಗಳನ್ನು ಅಳತೆಗೆ ಇಳಿಸಿ, ಪಿರಿ ಹಾಕಲು ಗೇರುಗಳನ್ನು ಜೋಡಿಸಿದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಸಂಜೆಗೆ ನೋಡುವ ಎಂದ ಲೈನ್‌ಮ್ಯಾನ್. ಲೈನ್‌ಮ್ಯಾನುಗಳ ಸಂಜೆ ಯಾವ ದಿನದ್ದು ಎಂದು ಕೇಳುವ ಕ್ರಮ ಇಲ್ಲ.

ಪಿರಿ ಹಾಕಲು ಮೋಟಾರು ಬೇಕೆಂದೇ ಇಲ್ಲ. ಚಕ್ಕಿನ ಹಿಂದಿನ ತೂತಿಗೆ ಒಂದು ಹ್ಯಾಂಡಲ್ ಸಿಕ್ಕಿಸಿ ಕೈಯಿಂದ ತಿರುಗಿಸಬಹುದು. ಅಂಥದ್ದೊಂದನ್ನು ಬೆನ್ ಹೇಳಿ ನನ್ನಿಂದ ಮಾಡಿಸಿದ್ದರು. ನಿಧಾನ ತಿರುಗಿಸಿದಂತೆ ಟೂಲ್ ತಾನಾಗಿ ಮುಂದೆ ಹೋಗಿ ಗೀರು ಕೊರೆಯುತ್ತದೆ. ಸ್ಕ್ರೂವಿನ ತಲೆಯ ಬುಡ ಬಂದೊಡನೆ ನಿಲ್ಲಿಸಿ, ಟೂಲ್ ಹೊರಗೆಳೆದು, ಹ್ಯಾಂಡಲ್ ಹಿಂದಕ್ಕೆ ತಿರುಗಿಸಿ, ಪುನಃ ಮೊದಲಿಂದ. ಆದರೆ ಕಟ್ಟಿಗೆ ಕೋಣೆಗೆ ಕಿಟಕಿ ಇಲ್ಲ. ನನ್ನ ಒಂದು ಕೈ ಟೂಲಿನ ಮೇಲೆ, ಒಂದು ಕೈ ಟಾರ್ಚಿನ ಮೇಲೆ. ತಿರುಗಿಸಲು ಇನ್ನೊಂದು ಕೈ ಬೇಕು.

ಅದೆಂತ ಕಷ್ಟ ಟೀಚರೇ, ದಿನವಿಡೀ ಚಕ್ರ ತಿರುಗಿಸುವವಳು ನಾನು ಎಂದು ಸಫಿಯಾ ಮುಂದೆ ಬಂದಳು. ನಿಧಾನ ಎಂದು ನಾನು ಎರಡು ಸಲ ಹೇಳಿದೆ. ಎರಡು ಸಲವೂ ಆಯ್ತು ಎಂದಳು. ಹೊಲಿಗೆಯವರು ಚಕ್ರಕ್ಕೆ ಅಂಗೈಯಿಂದ ಒಂದು ತಟ್ಟು ತಟ್ಟಿ ಕೈ ಬಿಡುತ್ತಾರೆ. ಉಳಿದದ್ದನ್ನು ಕಾಲು ನೋಡಿಕೊಳ್ಳುತ್ತದೆ. ಅವಳ ಕೈ ಅದನ್ನೇ ಮಾಡಿತು. ಹ್ಯಾಂಡಲ್ ರಪ್ಪನೆ ತಿರುಗಿ ಟೂಲ್ ಹೋಗಿ ಸ್ಕ್ರೂವಿನ ತಲೆಗೆ ಗುದ್ದಿತು. ಹಾಳು ಮಾಡಲಿಕ್ಕೆ ಇಟ್ಟ ತುಂಡು ಹಾಳಾಯಿತು.

"ಇದು ಹೊಲಿಗೆ ಅಲ್ಲ ಸಫಿಯಾ."

ಬೆನ್ ಬಾಗಿಲಲ್ಲಿ ನಿಂತಿದ್ದರು. ಟಿವಿಯ ಸದ್ದು ಇರಲಿಲ್ಲ, ಮೋಟಾರಿನ ಸದ್ದೂ ಇರಲಿಲ್ಲ. ಎಷ್ಟೋ ತಿಂಗಳ ಮೇಲೆ ಅವರ ಸ್ವರ ಆ ಕೋಣೆಯಲ್ಲಿ ನನಗೆ ಸರಿಯಾಗಿ ಕೇಳಿತು. ಅವಳಿಗೆ ಟಾರ್ಚ್ ಕೊಡು ಎಂದರು. ಕೊಟ್ಟೆ. ಹ್ಯಾಂಡಲ್ ನೀನೇ ತಿರುಗಿಸು ಎಂದರು.

ನನ್ನ ಕೈ ಈಗ ಒಂದು ಖಾಲಿ ಇತ್ತು. ತಿರುಗಿಸಲು ಆಗುತ್ತಿತ್ತು. ಆದರೆ ನಾನು, "ನನ್ನ ಎಡಗೈ ಮೇಲೆ ಬರುವುದಿಲ್ಲ, ಭುಜ ಹಿಡಿದುಕೊಂಡಿದೆ, ನೀವು ಬನ್ನಿ" ಎಂದೆ. ಭುಜಕ್ಕೆ ಏನೂ ಆಗಿರಲಿಲ್ಲ.

"ರೂಲ್ ಉಂಟಲ್ಲ ಹಿಲ್ಡಾ."

"ರೂಲ್ ಮೆಷಿನಿಗೆ ಅಲ್ವಾ. ಈಗ ಕರೆಂಟ್ ಇಲ್ಲ. ಕರೆಂಟ್ ಇಲ್ಲದ್ದು ಮೆಷಿನ್ ಹೇಗಾಗ್ತದೆ? ಹೆರೆಮಣೆ ಆಗ್ತದೆ."

ಅವರು ಫೋರ್ಮನ್ ಆಗಿದ್ದವರು, ರೂಲಿನ ಅಕ್ಷರಕ್ಕೆ ಬೆಲೆ ಕೊಡುವವರು. ನಿಧಾನವಾಗಿ ಒಳಗೆ ಬಂದು ಲೇತಿನ ಎಡಬದಿಗೆ ನಿಂತರು. ಬಲಗೈ ಮುಂದೆ ಬಂತು, ಹ್ಯಾಂಡಲಿನ ಹತ್ತಿರ ಗಾಳಿಯಲ್ಲಿ ನಡುಗುತ್ತ ನಿಂತಿತು. ಆಮೇಲೆ ಹಿಡಿಯಿತು. ಹಿಡಿದು ತಿರುಗಿಸಲು ಶುರು ಮಾಡಿದೊಡನೆ ನಡುಕ ಇರಲಿಲ್ಲ.

ನಾನು ನೋಡಿದೆ. ಹೇಳಿದರೆ ಹೋಗಿಬಿಡುತ್ತದೆ ಎಂದು ಹೆದರಿದೆ. ಸಫಿಯಾಳಿಗೆ ಅಂಥ ಹೆದರಿಕೆ ಇಲ್ಲ.

"ಟೀಚರೇ, ಸಾರ್ ಅವರ ಕೈ ನಡುಗುವುದು ನಿಂತಿತಲ್ಲ."

"ಟಾರ್ಚ್ ಕೆಳಗೆ ಹೋಯಿತು," ಎಂದರು ಬೆನ್.

ಅವರು ಬಹಳ ನಿಧಾನ. ಕಾಯಿಲೆ ಅವರ ಎಲ್ಲವನ್ನೂ ನಿಧಾನ ಮಾಡಿತ್ತು. ಅಂಗಿಯ ಗುಂಡಿ ಹಾಕಲು ಅರ್ಧ ಬೆಳಿಗ್ಗೆ ಹೋಗುತ್ತಿತ್ತು. ಆದರೆ ಪಿರಿ ಹಾಕುವ ಕೆಲಸಕ್ಕೆ ಬೇಕಾದದ್ದು ಅದೇ ನಿಧಾನ. ಬುಡ ಬರುವಾಗ ನಾನು ಹೇಳುವ ಮೊದಲೇ ಅವರ ಕೈಗೆ ಗೊತ್ತಾಗಿ ನಿಲ್ಲುತ್ತಿತ್ತು. ನಾನು ಟೂಲ್ ಹೊರಗೆಳೆಯುವುದು, ಅವರು ಹಿಂದಕ್ಕೆ ತಿರುಗಿಸುವುದು, ನಾನು ಇಷ್ಟೇ ಇಷ್ಟು ಒಳಗೆ ಕೊಡುವುದು, ಅವರು ಮುಂದಕ್ಕೆ. ಮದುವೆಯಾಗಿ ಅಷ್ಟು ವರ್ಷವಾದರೂ ನಾವಿಬ್ಬರೂ ಸೇರಿ ಕೈಯಿಂದ ಮಾಡಿದ ಮೊದಲ ಕೆಲಸ ಅದು. ಅವರು ಗಲ್ಫಿನಲ್ಲಿ ಇದ್ದರು, ನಾನು ಆಕ್ಸಿಜನ್ ಮಾಡುತ್ತಿದ್ದೆ. ಸ್ಕ್ರೂ ಹಳೆಯದಕ್ಕಿಂತ ಚೆನ್ನಾಗಿ ಬಂತು. ಸಫಿಯಾ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಸ್ಸಿಗೆ ಓಡಿದಳು. ಬಟ್ಟೆ ತಲುಪಿತು ಎಂದು ಆಮೇಲೆ ಹೇಳಿದಳು.

ಮುಂದಿನ ಸಲ ಮಂಗಳೂರಿಗೆ ಹೋದಾಗ ಡಾಕ್ಟರಿಗೆ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಈ ಕಾಯಿಲೆಯಲ್ಲಿ ಸುಮ್ಮನೆ ಇಟ್ಟ ಕೈ ಹೆಚ್ಚು ನಡುಗುವುದು, ಕೆಲಸಕ್ಕೆ ಹಿಡಿದರೆ ಹಲವರಿಗೆ ಕಡಿಮೆಯಾಗುವುದು, ಇಟ್ ಈಸ್ ಕ್ವೈಟ್ ಕಾಮನ್ ಎಂದರು. ಡಾಕ್ಟರು ಬಾಯಿಯ ಹತ್ತಿರ ಕಿವಿ ತಂದ ಮೇಲೆ ಬೆನ್ ಒಂದೇ ಮಾತು ಕೇಳಿದರು.

"ಹಾಗಾದ್ರೆ ಇಷ್ಟು ವರ್ಷ ನೀವು ನನಗೆ ರೆಸ್ಟ್ ಯಾಕೆ ಬರೆದದ್ದು?"

ಡಾಕ್ಟರು ನಕ್ಕರು. ಬೆನ್ ನಗಲಿಲ್ಲ, ಉತ್ತರಕ್ಕೆ ಕಾದರು.

ಅಂದಿನಿಂದ ಟಿವಿ ಬಂದ್. ಆದರೆ ಮೋಟಾರು ಓಡುವಾಗ ಅವರು ಆಗಲೂ ಮುಟ್ಟುತ್ತಿರಲಿಲ್ಲ. ರೂಲ್ ರೂಲೇ. ಮೋಟಾರಿನ ಕೆಲಸ ನನ್ನದು, ಪಿರಿಯ ಕೆಲಸ ನಮ್ಮಿಬ್ಬರದು. ಮೋಟಾರಿನಲ್ಲಿ ಗಳಿಗೆಯಲ್ಲಿ ಆಗುವುದನ್ನು ನಾವು ಒಂದು ಬೆಳಿಗ್ಗೆ ಮಾಡುತ್ತಿದ್ದೆವು. ಇದು ಎಫಿಷಿಯನ್ಸಿ ಅಲ್ಲ ಎಂದು ಮುಳ್ಳೇರಿಯದ ಹುಡುಗಿಯರು ಹೇಳಬಹುದು. ಹೇಳಲಿ. ಕೈಯಿಂದ ಹಾಕಿದ ಪಿರಿಯಲ್ಲಿ ಟೂಲ್ ಮುರಿಯುವುದಿಲ್ಲ, ಬುಡಕ್ಕೆ ಗುದ್ದುವುದಿಲ್ಲ. ಅದನ್ನು ಕಲಿಯದೆ ಮೋಟಾರಿಗೆ ಹೋಗಬೇಡಿ. ಇದು ಈ ಬರಹದಲ್ಲಿ ನಾನು ಕೊಡುವ ಒಂದೇ ಗಟ್ಟಿ ಸಲಹೆ. ಬೆನ್ ತೀರಿಹೋಗುವ ಹಿಂದಿನ ಮಳೆಗಾಲದವರೆಗೂ ಅವರ ಕೈ ಆ ಹ್ಯಾಂಡಲಿನ ಮೇಲೆ ನಿಲ್ಲುತ್ತಿತ್ತು.

ಪಿರಿಯ ಕೆಲಸ ಹಿಡಿದುಕೊಂಡು ಯಾರಾದರೂ ಗೇಟು ತೆಗೆದರೆ ಸಾಕು, ಅವರು ಕುರ್ಚಿಯಿಂದ ಎದ್ದು, ಗೋಡೆ ಹಿಡಿದು ಹೋಗಿ, ಲೇತಿನ ಸ್ವಿಚ್ ಆರಿಸಿ ಬರುತ್ತಿದ್ದರು. ಬಂದವರು ಎಷ್ಟು ಹೊತ್ತು ಆಗಬಹುದು ಎಂದು ಕೇಳುತ್ತಿದ್ದರು.

"ಕೂತುಕೊಳ್ಳಿ, ಕರೆಂಟ್ ಇಲ್ಲ. ಕೈಯಲ್ಲೇ ಆಗಬೇಕಷ್ಟೆ," ಎನ್ನುತ್ತಿದ್ದರು ಬೆನ್.

ಬಂದವರು ತಲೆಯ ಮೇಲೆ ತಿರುಗುವ ಫ್ಯಾನನ್ನು ನೋಡುತ್ತಿದ್ದರು. ಆಮೇಲೆ ನನ್ನ ಮುಖ ನೋಡುತ್ತಿದ್ದರು. ಕಾನ್ವೆಂಟಿನಲ್ಲಿ ಕಲಿತವಳು ಸುಳ್ಳು ಹೇಳಲಿಕ್ಕಿಲ್ಲ ಎಂದು ಅವರಿಗೆ ನಂಬಿಕೆ.

"ಹೌದು, ಬೆಳಿಗ್ಗೆಯೇ ಹೋಗಿದೆ," ಎನ್ನುತ್ತಿದ್ದೆ ನಾನು.